ಅಮ್ಮನ ಹಳೇ ಫೋನು

"ನಮ್ಮಮ್ಮನ ಫೋನ್ ತೆಗೆದುಹಾಕಿದೋರು ನೀವೇನಾ?"

ಇಷ್ಟು ದಿನ ಫೋನಿನಲ್ಲಷ್ಟೇ ಕೇಳಿದ್ದ ದನಿಯ ಮುಖವನ್ನು ತ್ರಿವೇಣಿ ಅಂದೇ ಮೊದಲು ನೋಡಿದ್ದಳು. ಮಡಕಶಿರದಿಂದ ರಾಯದುರ್ಗದವರೆಗೆ ಬಸ್ಸಿನಲ್ಲಿ ಎಷ್ಟೋ ಮಾತು ಜೋಡಿಸಿಕೊಂಡಿದ್ದಳು. ಬಾಯಿಗೆ ಬಂದದ್ದು ಇದೊಂದೇ.

ತಿಪ್ಪೇಶ ಕಂಪ್ಯೂಟರಿನ ಮುಂದಿನಿಂದ ಎದ್ದ. "ಕುಂದರ್ರಿ... ನೀರು ಕೊಡ್ಲೇನ್ರಿ?"

"ಉತ್ತರ ಕೊಡಿ ಸಾಕು."

ಕೆಳಗೆ ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು. ಆ ಕಾರ್ಖಾನೆಯ ಮಾಲೀಕ ರೇವಣಸಿದ್ದಯ್ಯನವರಿಗಾಗಿ ಇಬ್ಬರೂ ಆ್ಯಪ್ ಕಟ್ಟುತ್ತಿದ್ದರು, ಅವಳು ಅಲ್ಲಿಂದ, ಅವನು ಇಲ್ಲಿಂದ. ಮನೆಯಲ್ಲಿ ಹೊಲಿಯುವ ಹೆಂಗಸರು ಬಟ್ಟೆ ಕಟ್ಟಿನ ಚೀಟಿಯನ್ನು ಫೋನಿಗೆ ತೋರಿಸಿದರೆ ಕೆಲಸ ಅವರ ಹೆಸರಿಗೆ ಸೇರಬೇಕು. ಆಫೀಸಿನ ಕಂಪ್ಯೂಟರು, ಹೊಸ ಫೋನು, ಹಳೇ ಫೋನು, ಎಲ್ಲದರಲ್ಲೂ ಅದು ನಡೆಯಬೇಕು. ಆದರೆ ಚೀಟಿ ಓದುವ ಭಾಗ ಹಳೇ ಫೋನಿಗೆ ಒಗ್ಗುತ್ತಿರಲಿಲ್ಲ.

ನಿನ್ನೆ ತಿಪ್ಪೇಶ ಆ್ಯಪ್ ನಡೆಯಬೇಕಾದ ಫೋನುಗಳ ಪಟ್ಟಿಯಿಂದ ಹಳೇ ಫೋನಿನ ಸಾಲನ್ನೇ ತೆಗೆದಿದ್ದ. ಕಾರಣ ಬರೆದಿರಲಿಲ್ಲ.

ಮನೆಯಲ್ಲಿ ಅವರಿಗಾಗಿ ಹೊಲಿಯುತ್ತಿದ್ದ ಅವಳ ಅಮ್ಮ ಅನ್ನದಾನಮ್ಮನ ಬಳಿ ಇದ್ದದ್ದು ಅಂಥದೇ ಫೋನು. ಆ್ಯಪ್ ಇಲ್ಲದವರಿಗೆ ಇನ್ನು ಕಟ್ಟು ಕೊಡುವುದಿಲ್ಲ ಎಂದು ಮಾಲೀಕರು ಹೇಳಿಯಾಗಿತ್ತು.

"ಬಸ್ಸಲ್ಲೇ ಕೂತು ಆ ಸಾಲು ಮತ್ತೆ ಸೇರಿಸಿದೀನಿ," ಎಂದಳು.

ತಿಪ್ಪೇಶ ಪರದೆಯನ್ನು ಅವಳತ್ತ ತಿರುಗಿಸಿದ. ಅದರ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ. ಹಳೇ ಫೋನಿನ ಹತ್ತಿರ ಮುಗ್ಗರಿಸಿದ ಕೆಲಸ ಅಲ್ಲೇ ನಿಂತಿತ್ತು. ಹೊಸ ಫೋನಿಗೂ, ಕಂಪ್ಯೂಟರಿಗೂ ಆ್ಯಪ್ ತಯಾರಾಗಿರಲಿಲ್ಲ.

"ಸಾಹುಕಾರ್ರು ಈಗ ಬರ್ತಾರ್ರಿ. ತೋರಿಸಾಕ ಏನೂ ಇಲ್ಲ."

ಅವಳು ಆ ಕೆಂಪು ಸಾಲುಗಳನ್ನು ಮತ್ತೊಮ್ಮೆ ಓದಿದಳು. ಸಿಟ್ಟಿನಲ್ಲಿ ಎಲ್ಲರ ಕೆಲಸವನ್ನೂ ಕೆಡಿಸಿದೆನಾ...

"ಮೊದಲೇ ಯಾಕೆ ಹೇಳ್ಲಿಲ್ಲ?"

ಮೌನ. ಫೋನಿನಲ್ಲಿ ಎಷ್ಟೋ ಸಲ ಆ ಮೌನದೊಳಗೆ ತನಗಾಗಿ ಏನೋ ಇದೆ ಎಂದು ಅವಳು ಕಾದಿದ್ದಳು. ಇವತ್ತು ಅದು ಚುಚ್ಚುತ್ತಿತ್ತು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು.

ತಿಪ್ಪೇಶ ಮೇಜಿನ ಡ್ರಾಯರಿನಿಂದ ಗಾಜು ಬಿರಿದ ಫೋನೊಂದನ್ನು ತೆಗೆದ. ಅಮ್ಮನದರಂಥದೇ.

"ನೀವೊಮ್ಮೆ ಹೇಳಿದ್ರಲ್ಲ, ಅವ್ವಾರ ಫೋನ್ ಯಾವ್ದಂತ. ಹುಡುಕಿ ತಂದೆ. ಇದಕ್ಕ ಬ್ಯಾರೆ ಆ್ಯಪ್ ಮಾಡೀನ್ರಿ. ಚೀಟಿ ಓದಂಗಿಲ್ಲ, ನಂಬರ್ ಒತ್ತಬೇಕು. ಈಗಷ್ಟ ನಡೀತು. ಆಸೆ ತೋರಿಸಿ, ಆಮ್ಯಾಲೆ ಆಗ್ಲಿಲ್ಲ ಅಂದ್ರ ನಿಮಗ ನೋವಾಗ್ತಿತ್ತು."

ತ್ರಿವೇಣಿ ಕುರ್ಚಿ ಎಳೆದು ಕೂತಳು. ತಾನು ಸೇರಿಸಿದ ಸಾಲನ್ನು ತಾನೇ ಅಳಿಸಿದಳು. ಕೆಂಪು ಹೋಯಿತು, ಕೆಲಸ ಮುಂದೆ ಸಾಗಿತು. ಅಮ್ಮನಿಗೆ ಆ ಬೇರೆ ಆ್ಯಪ್ ಕಳಿಸಿ ಕರೆ ಮಾಡುವಷ್ಟರಲ್ಲಿ ರೇವಣಸಿದ್ದಯ್ಯ ಒಳಗೆ ಬಂದಿದ್ದರು.

"ಮಡಕಶಿರದಾಗ ಹಳೇ ಫೋನೇ ಜಾಸ್ತಿ ಅಂತಲ್ಲಮ್ಮ. ಅವ್ರನ್ನ ಬಿಡಾಣೇನು?"

"ಒಂದ್ನಿಮಿಷ ಸಾರ್... ಅಮ್ಮ, ಕಟ್ಟಿನ ನಂಬರ್ ಒತ್ತು."

ಮೂವರೂ ಪರದೆಯತ್ತ ಬಾಗಿದರು. ಆಮೇಲೆ ಕಂಪ್ಯೂಟರಿನಲ್ಲಿ ಅನ್ನದಾನಮ್ಮನ ಹೆಸರು ಮೂಡಿತು.

"ನನ್ನೆಸ್ರು ಬಂತು ಕಣೇ," ಎಂದಿತು ಫೋನು. "ಆ ಹುಡುಗ ಉಂಡನಾ ಕೇಳು, ಪಾಪ."

ಮಾಲೀಕರು ನಕ್ಕರು. "ಎಲ್ಲಾರಿಗೂ ಕಟ್ಟು ಕಳಸ್ರಿ," ಎಂದು ಕೆಳಗಿಳಿದರು.

"ಇನ್ನೇನಾದ್ರೂ ಹೇಳದೆ ಇಟ್ಕೊಂಡಿದೀರಾ?" ತ್ರಿವೇಣಿ ಮೆಲ್ಲಗೆ ಕೇಳಿದಳು.

ಅವನು ಕೀಬೋರ್ಡ್ ನೋಡುತ್ತಾ ನಿಂತ. "ಒಂದೈತ್ರಿ... ನೀವು ನನ್ನ ಜೊತಿಗೇ ಇರ್ಬೇಕಂತ. ಬರೀ ಕೆಲಸಕ್ಕಲ್ಲ."

ಅವಳ ಕಣ್ಣು ತುಂಬಿತು.

"ಸಂಜೆ ಬಸ್ಸಿಗೆ ನೀವೂ ಬನ್ನಿ. ಇದನ್ನ ಅಮ್ಮಂಗೂ ಹೇಳಿ."

"ಏನಂತ ಹೇಳ್ಲಿ?"

"ಈಗ ಹೇಳಿದ್ದನ್ನೇ. ಈ ಸಲ ಕಾರಣ ಸಮೇತ."