ಸ್ಟ್ಯಾಂಪಿನ ಬೆನ್ನ ಮೇಲೊಂದು ಬೆರಳು

"ಕಣ್ಣು ಮುಚ್ಚಿ ಟೀಚರೇ," ಎಂದ ವೀರರಾಜ.

ಕಮಲಾವತಿ ಮುಚ್ಚಿದಳು. ಮುಚ್ಚಿದಂತೆ ಮಾಡಿದಳು ಎನ್ನುವುದೇ ಸರಿ; ರೆಪ್ಪೆಯ ಸಂದಿಯಿಂದ ಅವನ ಮಸಿ ಹತ್ತಿದ ಗಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ಮೂಡಬಿದ್ರೆ ಪೇಟೆಯಲ್ಲಿ ಅವನದೊಂದು ಪುಟ್ಟ ಪ್ರೆಸ್ಸು, ಕಾಲಲ್ಲಿ ತುಳಿಯುವ ಮೆಷಿನು. ಶಾಲೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಬಂದವಳು ಅವನ ಸ್ಟ್ಯಾಂಪ್ ಆಲ್ಬಮ್ ನೋಡಿದ್ದೇ ನೆಪ, ಶನಿವಾರ ಬಂತೆಂದರೆ ಹಾಜರು. ಸ್ಟ್ಯಾಂಪಿನ ಮೇಲೆ ಅಷ್ಟು ಪ್ರೀತಿಯೇ? ಅಯ್ಯೋ, ಸ್ಟ್ಯಾಂಪು ಯಾರಿಗೆ ಬೇಕಿತ್ತು.

ಅವನು ಎರಡು ಸ್ಟ್ಯಾಂಪು ಮಗುಚಿಟ್ಟ. ಒಂದರಲ್ಲಿ ಹಳೆಯ ಬ್ರಿಟಿಷ್ ರಾಜನ ತಲೆ. ಇನ್ನೊಂದು ಅದೇ ರಾಜನ ಜುಬಿಲಿಯದ್ದು, ಕಲ್ಕತ್ತೆಯ ಜೈನ ಬಸದಿಯ ಚಿತ್ರ.

"ಒಂದು ನಮ್ಮ ಮೆಷಿನಿನ ಹಾಗೆ ಉಬ್ಬಚ್ಚಿನಿಂದ ಒತ್ತಿದ್ದು. ಬೆನ್ನು ಸವರಿದರೆ ಒತ್ತು ಸಿಗ್ತದೆ. ಇನ್ನೊಂದು ಕಲ್ಲಚ್ಚಿನ ಜಾತಿ, ಎಣ್ಣೆ ಮಸಿ ಮತ್ತು ನೀರಿನ ಆಟ; ಅದರ ಬೆನ್ನು ನುಣುಪು. ಈಗ ನಾಸಿಕದಲ್ಲಿ ತಾಮ್ರದ ಉರುಳೆಯ ಗುಳಿಗಳಲ್ಲಿ ಮಸಿ ತುಂಬಿ ಅಚ್ಚು ಮಾಡ್ತಾರಂತೆ, ಅದು ಬೇರೆಯೇ. ಇದರಲ್ಲಿ ಯಾವುದು ಯಾವುದು?"

"ಗೊತ್ತಾಗುದಿಲ್ಲ ಮಾರಾಯ್ರೆ."

ಎಂದಿನಂತೆ ಅವನು ಅವಳ ತೋರುಬೆರಳು ಹಿಡಿದು ಮೆಲ್ಲಗೆ ಸವರಿಸಿದ. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಗೊತ್ತಾಯಿತೆಂದರೆ ಅವನು ಬೆರಳು ಬಿಡುತ್ತಾನೆ, ಅಷ್ಟೇ ತೊಂದರೆ.

ಇಂದು ಮಾತ್ರ ಆ ಸುಖದಲ್ಲೂ ಕಸಿವಿಸಿ.

"ನಾಳೆ ಮಿಜಾರಿನವರು ನನ್ನನ್ನು ನೋಡ್ಲಿಕ್ಕೆ ಬರ್ತಾರೆ. ಒಪ್ಪಿದರೆ ಅಪ್ಪ ನಾಳೆಯೇ ಮಾತು ಕೊಡ್ತಾರೆ."

ಅವನ ಕೈ ನಿಂತಿತು. ಆಮೇಲೆ ಏನೂ ಕೇಳದವನಂತೆ ಸ್ಟ್ಯಾಂಪುಗಳ ಅಂಚು ಸರಿಮಾಡತೊಡಗಿದ. ಅವಳಿಗೆ ಸಿಟ್ಟೇ ಬಂತು. ಕಣ್ಣು ಬಿಟ್ಟು, ತಾನೇ ಬೆರಳಾಡಿಸಿ, "ಇದು ಉಬ್ಬಚ್ಚು, ಇದು ಕಲ್ಲಚ್ಚು. ಕಲಿತಾಯಿತು. ಇನ್ನು ನಾನು ಬರುವ ಅಗತ್ಯ ಇಲ್ಲ," ಎಂದು ಎದ್ದಳು.

"ನಿಮಗೆ ಗೊತ್ತುಂಟು ಅಂತ ನನಗೆ ಮೊದಲೇ ಗೊತ್ತುಂಟು," ಎಂದ ಅವನು, ನೆಲ ನೋಡುತ್ತ. "ಒತ್ತು ಸಿಕ್ಕಿದಲ್ಲಿ ನಿಮ್ಮ ಬೆರಳು ತಾನಾಗಿ ನಿಲ್ತದೆ."

"ಮತ್ತೆ ಕಲಿಸಿದ್ದು ಯಾಕೆ?"

"ನೀವು ಯಾಕೆ ಕಲೀಲಿಲ್ಲವೋ, ಅದಕ್ಕೇ. ನನಗೆ ನೀವು ಬೇಕು."

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. "ಅದನ್ನು ನೆಲದ ಹತ್ರ ಹೇಳಿದರೆ ಆಗ್ಲಿಕ್ಕಿಲ್ಲ. ಅಪ್ಪನ ಹತ್ರ ಹೇಳ್ಬೇಕು."

ಅವನು ಸೀಮೆಎಣ್ಣೆ ಹಚ್ಚಿ ಕೈ ಮಸಿ ತೊಳೆದ, ಪ್ರೆಸ್ಸಿನ ಬಾಗಿಲೆಳೆದ. ಅವಳ ಊರಾದ ಸಿದ್ಧಕಟ್ಟೆಯ ಬಸ್ಸಿನಲ್ಲಿ ಅವಳ ಹಿಂದೆ ನಿಂತುಕೊಂಡು ದಾರಿಯುದ್ದಕ್ಕೂ ಮಾತು ಜೋಡಿಸಿದ. ಇಳಿಯುವಾಗ ಎಲ್ಲ ಮರೆತುಹೋಗಿತ್ತು.

ಜಗಲಿಯಲ್ಲಿ ಕೂತಿದ್ದ ಅವಳ ಅಪ್ಪನೆದುರು ಕೈಮುಗಿದು, "ಮಿಜಾರಿನವರಿಗೆ ಬರುದು ಬೇಡ ಅಂತ ಹೇಳಿ. ನಾನು ಬಂದಿದ್ದೇನೆ," ಎಂದುಬಿಟ್ಟ.

ಪೇಟೆಯಲ್ಲಿ ಕಂಡು ಗೊತ್ತಿದ್ದ ಅವನನ್ನು ಅಪ್ಪ ನೋಡಿದರು. ಮಗಳನ್ನು ನೋಡಿದರು, ಅವಳು ತಲೆ ತಗ್ಗಿಸಲಿಲ್ಲ. ಆಮೇಲೆ ಅಂಗಳದ ಇಳಿಬಿಸಿಲು ನೋಡಿದರು.

"ಹೊತ್ತು ಕಂತುವ ಮೊದಲು ಊಟ ಆಗ್ಬೇಕು ನಮ್ಮಲ್ಲಿ," ಎಂದರು, ಜೈನರ ಮನೆಯ ರೂಢಿ ನೆನಪಿಸುವಂತೆ. "ಕೈಕಾಲು ತೊಳೆದು ಒಳಗೆ ಬನ್ನಿ. ಮಿಜಾರಿಗೆ ಉಂಡ ಮೇಲೆ ಹೇಳಿ ಕಳಿಸುವ."