ಮಂಜಿಷ್ಠೆಯ ದಡ

ತೊಟ್ಟಿಯ ಮಂದ ಬೆಳಕಿನಲ್ಲಿ ಆ ಸ್ಟರ್ಜನ್ ಮೀನು ಮರದ ದಿಮ್ಮಿಯಂತೆ ತೇಲುತ್ತಿತ್ತು. ಅದರ ತಲೆಗೆ ತೊಡಿಸಿದ ತೆಳುವಾದ ಪಟ್ಟಿಯೇ ಸ್ಮೃತಿಗ್ರಾಹಕ. ಹುಟ್ಟಿದ ನೀರಿನ ವಾಸನೆಯನ್ನು ಈ ಮೀನು ಸಾಯುವತನಕ ಮರೆಯುವುದಿಲ್ಲ. ಮೊಟ್ಟೆಯಿಡಲು ಅದನ್ನೇ ಅರಸಿ ಸಮುದ್ರದಿಂದ ಹೊಳೆಗೆ ಏರುತ್ತದೆ. ಮಿದುಳಿನಲ್ಲಿ ಉಳಿದ ಆ ವಾಸನೆಯನ್ನು ಯಂತ್ರವು ಮನುಷ್ಯರ ಮೂಗಿಗೆ ತಲುಪಿಸುತ್ತಿತ್ತು.

ಎಪ್ಪತ್ತೆಂಟರ ಎತೇರಿ ಯಂತ್ರದ ನಳಿಗೆಗೆ ಮೂಗು ಒಡ್ಡಿ ಕಣ್ಣು ಮುಚ್ಚಿದಳು. ಈ ಮೀನು ಹುಟ್ಟಿದ ಹೊಳೆಯ ದಡದಲ್ಲಿದ್ದ ಅವಳ ಊರು ಅರವತ್ತು ವರ್ಷಗಳ ಹಿಂದೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಆಮೇಲೆ ಕಪ್ಪು ಸಮುದ್ರದ ದಡದ ಕಾರ್ಖಾನೆಯೊಂದರಲ್ಲಿ, ಇಂಥ ಮೀನುಗಳ ಹೊಟ್ಟೆ ಸೀಳಿ, ದುಬಾರಿ ತಿನಿಸಾಗಿ ಮಾರುವ ಮೊಟ್ಟೆ ತೆಗೆಯುವುದೇ ಅವಳ ಕೆಲಸವಾಗಿತ್ತು.

"ಅಣೆಕಟ್ಟಿಗೂ ಮೊದಲು ಹೊಳೆಯಲ್ಲೇ ಹುಟ್ಟಿದ ಹೆಣ್ಣು ಅಂದ್ರೆ ಇನ್ನು ಇವಳೊಬ್ಬಳೇ," ಎಂದಳು ಕಾರವಾರದಿಂದ ಬಂದಿದ್ದ ವಿಜ್ಞಾನಿ ಪ್ರಮೋದಿನಿ ತಾಂಡೇಲ. "ಅಣೆಕಟ್ಟು ಒಡೆದಾಯ್ತು, ಸಾಕಿದ ಗಂಡುಮೀನುಗಳನ್ನ ಬಿಟ್ಟಾಯ್ತು. ಹೋದ ಸಲ ನಿಮ್ಮೂರಿನ ತನಕ ಹೋಗಿ, ಮೊಟ್ಟೆ ಇಡದೇ ತಿರುಗಿ ಬಂದಳು. ಏನು ಹುಡುಕ್ತಾಳೋ ಗೊತ್ತಾಗ್ತಿಲ್ಲ. ಇನ್ನು ಹತ್ತು ದಿನ ಕಳೆದ್ರೆ ಹೊಟ್ಟೆಯಲ್ಲಿರೋ ಮೊಟ್ಟೆ ಕೆಟ್ಟೇಹೋಗ್ತವೆ."

ಕರಗಿದ ಹಿಮ. ಒದ್ದೆ ಕಲ್ಲು. ಅದರ ಹಿಂದೆ ಮಣ್ಣಿನಂಥ ಒಂದು ಒಗರು. ಎತೇರಿ ಥಟ್ಟನೆ ಕಣ್ಣು ತೆರೆದಳು.

"ಮಂಜಿಷ್ಠೆ! ಬೇರು ಕುದಿಸಿ ಉಣ್ಣೆಗೆ ಕೆಂಪು ಹಾಕ್ತಿದ್ವಿ. ಊರ ಹೆಂಗಸರೆಲ್ಲ ಹೊಳೆಗಿಳಿದು ಅದನ್ನ ಜಾಲಾಡ್ತಿದ್ವಿ. ನನ್ನಮ್ಮನ ಕೈಯೆಲ್ಲ ಇದೇ ವಾಸನೆ." ಅವಳು ತೊಟ್ಟಿಯ ಗಾಜಿನ ಮೇಲೆ ಅಂಗೈ ಇಟ್ಟಳು. "ಇವಳ ಅಕ್ಕತಂಗಿಯರನ್ನ ನಾನೇ ಸೀಳಿದೆನಲ್ಲಾ."

ಮೀನನ್ನು ಮತ್ತೆ ಹೊಳೆಗೆ ಬಿಟ್ಟರು. ಊರೂರಿಗೆ ಚದುರಿಹೋಗಿದ್ದ ತನ್ನೂರಿನ ಹನ್ನೊಂದು ಮುದುಕಿಯರನ್ನು ಎತೇರಿ ಕರೆಸಿದಳು. ಹಳೆಯ ಊರಿನ ದಡದಲ್ಲಿ ಒಲೆ ಹೂಡಿ ಬೇರು ಕುದಿಸಿ, ಮೊಣಕಾಲುದ್ದದ ನೀರಿನಲ್ಲಿ ನಿಂತು ಉಣ್ಣೆ ಜಾಲಾಡಿದರು. ಕೆಂಪು ಎಳೆಎಳೆಯಾಗಿ ಕೆಳಕ್ಕೆ ಹರಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಅವರ ನಡುವೆ ಬೂದು ಬೆನ್ನೊಂದು ಎದ್ದಿತು. ಮೀನು ಎತೇರಿಯ ಕಾಲನ್ನು ಸವರಿಕೊಂಡು ಬೆಣಚುಕಲ್ಲುಗಳತ್ತ ಸರಿದು ಅಲ್ಲಿ ಮೊಟ್ಟೆಯಿಟ್ಟಿತು.

ವಾರ ಕಳೆದು ಮೊಟ್ಟೆಯೊಡೆದು ಮರಿಗಳಾದವು. ಕುಣಿದಾಡಿದ ಪ್ರಮೋದಿನಿ ಇದ್ದಕ್ಕಿದ್ದಂತೆ ನಿಂತುಬಿಟ್ಟಳು.

"ನಾನು ಯೋಚಿಸಲೇ ಇಲ್ಲ ಅಮ್ಮಾ. ಈ ಮರಿಗಳೂ ಇದೇ ವಾಸನೆ ಹೊತ್ತು ಹೋಗ್ತವೆ. ಹದಿನೆಂಟು ವರ್ಷ ಬಿಟ್ಟು ಮೊಟ್ಟೆಯಿಡೋಕೆ ಬಂದಾಗ ಇಲ್ಲಿ ಉಣ್ಣೆ ತೊಳೆಯೋರು ಯಾರಿರ್ತಾರೆ?"

"ನಾನಂತೂ ಇರಲ್ಲ." ಎತೇರಿ ಒಣಗಿದ ಮೆಕ್ಕಲುಮಣ್ಣನ್ನು ಕಾಲಿನಿಂದ ಕೆದಕಿ ನೋಡಿದಳು. "ಇಲ್ಲಿ ಮಂಜಿಷ್ಠೆ ನೆಡಬಹುದು. ಆ ದಿನ್ನೆ ಮೇಲೆ ಕುರಿಹಟ್ಟಿ. ನನ್ನ ಸೊಸೆಗೆ ಹೇಳಿಕಳಿಸು, ಸಾಮಾನು ಕಟ್ಟಿಕೊಂಡು ಬರಲಿ."

ಆ ಶರತ್ಕಾಲದಲ್ಲಿ, ಯಾವ ನಕ್ಷೆಯಲ್ಲೂ ಇಲ್ಲದ ಆ ಊರಿನಲ್ಲಿ ನಾಲ್ಕು ಮನೆಗಳ ಒಲೆ ಹೊತ್ತಿತು.