ಪತ್ತೆಯಿಲ್ಲದ ಪತ್ತೇದಾರನ ಮನೆ

ನಮ್ಮ ಬೀದಿಯಲ್ಲಿ ಜನ ಟಿಕೆಟ್ ಕೊಂಡು ನೋಡುವ ಮನೆಗಳು ಎರಡು. ಎಡಗಡೆಯದು ತೀರಿಕೊಂಡ ಪ್ರಧಾನಿಯವರದು. ಬಲಗಡೆಯದು ಒಬ್ಬ ಪತ್ತೇದಾರನದು. ಅವನು ಬರೀ ಕಾದಂಬರಿಯ ಪಾತ್ರ, ಅಲ್ಲಿ ಯಾರೂ ಎಂದೂ ವಾಸಿಸಿದ್ದಿಲ್ಲ. ಎರಡಕ್ಕೂ ನಾನೇ ಗೈಡು. ಪ್ರಧಾನಿಯವರ ದನಿಯನ್ನು ಹಳೆಯ ಭಾಷಣ ಕೇಳಿ ಕಲಿತೆ. ಪತ್ತೇದಾರನ ದನಿ ಮಾತ್ರ ನನ್ನದೇ ಸೃಷ್ಟಿ: ಗೊಗ್ಗರು ಗಂಟಲು, ಮಾತಿಗೆ ಮೊದಲು ಎರಡು ಕೆಮ್ಮು.

ಒಂದು ಮಧ್ಯಾಹ್ನ ಅಕ್ಕ ಅಳುತ್ತ ಪತ್ತೇದಾರನ ಮನೆಗೇ ಬಂದಳು. ಮದುವೆಯ ಉಂಗುರ ಕಳೆದು ಮೂರು ದಿನವಾಗಿತ್ತು. ಸಂಜೆ ಭಾವ ಊರಿಂದ ಬರುವವರಿದ್ದರು.

"ನಿನ್ನ ಪತ್ತೇದಾರನ್ನೇ ಕೇಳೋ, ಸಂಬಳ ಇಲ್ದೆ ಕೂತಿದಾನಲ್ಲ."

"ಅವನದೇ ಪತ್ತೆ ಇಲ್ಲ ಕಣೇ," ಎಂದು ನಕ್ಕು ನೀರಿನ ಬಾಟಲಿ ಎತ್ತಿದೆ.

ಹಗ್ಗ ಕಟ್ಟಿ ಜನರನ್ನು ತಡೆದಿದ್ದ ಕೋಣೆಯೊಳಗೆ ಯಾರೋ ಎರಡು ಸಲ ಕೆಮ್ಮಿದರು.

"ಅಕ್ಕನದು ಅಕ್ಕಿಯಲ್ಲಿದೆ."

"ಇಂಥ ಹೊತ್ತಲ್ಲೂ ನಿನ್ನ ಮಿಮಿಕ್ರಿನಾ?" ಎಂದು ಅಕ್ಕ ಬೈದಳು. ನನ್ನ ಬಾಯಿ ತುಂಬ ನೀರಿತ್ತು.

ಉಂಗುರ ಅಕ್ಕಿ ಡಬ್ಬದಲ್ಲೇ ಸಿಕ್ಕಿತು.

ಸತ್ತವರು ದೆವ್ವವಾಗುತ್ತಾರೆಂದರೆ ಒಪ್ಪಿಕೊಂಡೇನು. ಹುಟ್ಟೇ ಇರದವರು? ಮಾರನೆಯ ದಿನ ಬಾಗಿಲು ತೆರೆದವನೇ ಚಪ್ಪಲಿ ಬಿಟ್ಟು, ಹಗ್ಗ ದಾಟಿ, ಪತ್ತೇದಾರರ ಕುರ್ಚಿಯ ದಿಂಬು ಮುಟ್ಟಿದೆ. ಬೆಚ್ಚಗಿತ್ತು.